ಮಾಂಗಾ ಕಲಿಯೋಣ, ಬಲಗಡೆಯಿಂದ ಶುರು

ನಮ್ಮೂರು ಕಣಕಟ್ಟೆಯಲ್ಲೇ ಕೂತು ಜಪಾನಿನ ಚಿತ್ರಕಥೆ ಮಾಂಗಾ ಬಿಡಿಸೋದು ಕಲೀಬೇಕಾ? ಪೆನ್ಸಿಲ್, ರಬ್ಬರ್, ಗೆರೆ ಇಲ್ಲದ ನೋಟ್‌ಬುಕ್ ಸಾಕು. ದುಬಾರಿ ಟ್ಯಾಬ್ಲೆಟ್ ಆಮೇಲೆ ನೋಡೋಣ.

ಮೊದಲು ಮುಖ. ವೃತ್ತ ಎಳೆದು ಕೆಳಗೆ ಗದ್ದ ಸೇರಿಸಿ. ನಡುವೆ ಒಂದು ಅಡ್ಡಗೆರೆ. ಕಣ್ಣು ಆ ಗೆರೆ ಮೇಲೆ, ಇಲ್ಲಾ ಸ್ವಲ್ಪ ಕೆಳಗೆ. ಹೊಸಬರು ಅದನ್ನ ಹಣೆಗೆ ಹತ್ತಿಸಿಬಿಡ್ತಾರೆ! ಮೇಲಿನ ರೆಪ್ಪೆ ದಪ್ಪ, ಕೆಳಗಿನದು ತೆಳು. ಕಣ್ಣುಗುಡ್ಡೆಯಲ್ಲಿ ಚೂರು ಬಿಳಿ ಬಿಡಿ, ಜೀವ ಬರುತ್ತೆ. ಮೂಗಿಗೆ ಒಂದು ಚುಕ್ಕೆ ಸಾಕು.

ಈಗ ಪುಟ. ಮಾಂಗಾ ಓದೋದು ಬಲದಿಂದ ಎಡಕ್ಕೆ. ವಿಚಿತ್ರ ಅನ್ಸುತ್ತಾ? ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ರಾಮಾಯಣ, ಮಹಾಭಾರತ ಪಟ್ಟಿಪಟ್ಟಿಯಾಗಿ ಕೆತ್ತಿದ್ದಾರೆ, 12ನೇ ಶತಮಾನದಲ್ಲಿ ಶುರುವಾದ ಕೆಲಸ. ಪ್ರದಕ್ಷಿಣೆ ಹಾಕುವಾಗ ಗೋಡೆ ನಿಮ್ಮ ಬಲಕ್ಕಿರುತ್ತೆ. ಅದರತ್ತ ತಿರುಗಿ ನಿಂತರೆ, ನೀವು ಸಾಗಬೇಕಾದ್ದು ಎಡಕ್ಕೆ! ಹೊಯ್ಸಳ ಗುಡಿಗಳಲ್ಲಿ ಕಥೆ ಹೀಗೆ ಪ್ರದಕ್ಷಿಣೆಯ ದಿಕ್ಕಲ್ಲಿ ಸಾಗೋದೇ ರೂಢಿ. ಆದ್ರೆ ತರೀಕೆರೆ ತಾಲ್ಲೂಕಿನ ಅಮೃತಾಪುರದ ಶಿಲ್ಪಿಗಳು ತುಂಟರು. 1196ರ ಅಮೃತೇಶ್ವರ ಗುಡಿಯಲ್ಲಿ 70 ಫಲಕಗಳ ರಾಮಾಯಣ ಉಲ್ಟಾ, ಅಂದ್ರೆ ಕನ್ನಡ ಓದಿದ ಹಾಗೆ ಎಡದಿಂದ ಬಲಕ್ಕೆ.

ಅಭ್ಯಾಸಕ್ಕೆ ಈ ಗುಡಿಗಳ ಶಿಲ್ಪವನ್ನೇ ನೋಡಿ ಬಿಡಿಸಿ. ಅದು ಕಳ್ಳತನವಾ? ಛೇ, ಇಲ್ಲ. 1814ರಿಂದ ಜಪಾನಿನ ಕಲಾವಿದ ಹೊಕುಸಾಯ್ ‘ಮಾಂಗಾ’ ಹೆಸರಿನಲ್ಲಿ ಹೊರತಂದ ಚಿತ್ರಪುಸ್ತಕಗಳೂ ಶಿಷ್ಯರು ನೋಡಿ ಬಿಡಿಸಿ ಕಲೀಲಿ ಅಂತಲೇ ಬಂದವು. ಮೀನು, ಹುಳು, ಕುಸ್ತಿಪಟು, ಭೂತ, ಎಲ್ಲಾ ಇದೆ ಅವುಗಳಲ್ಲಿ.

ಇವತ್ತಿನ ಹೋಮ್‌ವರ್ಕ್: ನಾಲ್ಕು ಚೌಕ. ಅರಸೀಕೆರೆ ಬಸ್ಸಿನಲ್ಲಿ ಸೀಟಿಗಾಗಿ ಜಗಳ. ಮೊದಲನೇ ಚೌಕ ಬಲಗಡೆ ಮೇಲಿರಲಿ, ಕಂಡಕ್ಟರಿಗೆ ಕಣ್ಣು ದೊಡ್ಡದಾಗಿರಲಿ.