ಎಂಜಿನ್ ಓಡಿದರೂ ವಿದ್ಯುತ್ ಬಾರದ ಜನರೇಟರ್: ಪರಿಶೀಲನಾ ಕ್ರಮ

ಮಳೆಗಾಲದಲ್ಲಿ ಕಾಪು, ಕಾರ್ಕಳ ಭಾಗದಲ್ಲಿ ಮರ ಬಿದ್ದು ಮೆಸ್ಕಾಂ ಸರಬರಾಜು ನಿಂತಾಗ ಗ್ರಾಮ ಪಂಚಾಯತ್ ಕಚೇರಿಗೆ ಸಣ್ಣ ಜನರೇಟರೇ ಆಸರೆ. ಎಂಜಿನ್ ಓಡಿಯೂ ವಿದ್ಯುತ್ ಬಾರದಿದ್ದಲ್ಲಿ, ಮಾನ್ಯ ಸದಸ್ಯರು ಹೊಸ ಯಂತ್ರದ ಖರೀದಿಗೆ ನಿರ್ಣಯ ಕೈಗೊಳ್ಳುವ ಮುನ್ನ ಎಲೆಕ್ಟ್ರಿಷಿಯನ್ ಮೂಲಕ ಈ ಪರಿಶೀಲನೆ ನಡೆಸತಕ್ಕದ್ದು.

ಮೊದಲು ಎಲ್ಲ ಲೋಡ್ ಕಳಚಿ, ಬ್ರೇಕರ್ ಬಿದ್ದಿದೆಯೇ ಎಂದು ನೋಡುವುದು. ಬಳಿಕ ಬ್ರೇಕರಿಗೆ ಮುಂಚಿನ ಟರ್ಮಿನಲ್‌ನಲ್ಲಿ ವೋಲ್ಟೇಜ್ ಅಳೆಯುವುದು. ಸುಮಾರು 230 ವೋಲ್ಟ್ ಇದ್ದರೆ ದೋಷವು ಬ್ರೇಕರ್, ತಂತಿ ಅಥವಾ ಸಾಕೆಟ್‌ನಲ್ಲಿದೆ. ಕೆಲವೇ ವೋಲ್ಟ್ ಇದ್ದರೆ ಕಾರ್ಬನ್ ಬ್ರಷ್, ಕೆಪಾಸಿಟರ್ ಅಥವಾ ಎವಿಆರ್ ಕೆಟ್ಟಿರುವ ಸಂಭವ ಹೆಚ್ಚು; ಇವು ಬದಲಿಸಬಹುದಾದ ಭಾಗಗಳು. ಶೂನ್ಯವಾದರೆ ವೈಂಡಿಂಗ್ ತುಂಡಾಗಿರಬಹುದು ಅಥವಾ ದೀರ್ಘಕಾಲ ನಿಲ್ಲಿಸಿದ್ದರಿಂದ ಯಂತ್ರದೊಳಗಿನ ಉಳಿಕೆ ಕಾಂತತ್ವ ನಶಿಸಿರಬಹುದು. ಕಾಂತತ್ವವನ್ನು ಮೆಕ್ಯಾನಿಕ್ ಬ್ಯಾಟರಿಯಿಂದ ಮರಳಿ ತರಬಲ್ಲರು.

ತಿಂಗಳಿಗೊಮ್ಮೆ ಲೋಡ್ ಸಹಿತ ಓಡಿಸುವುದು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಕಟ್ಟಡದ ವೈರಿಂಗಿಗೆ ಜೋಡಿಸಲೇಬಾರದು. ವಿದ್ಯುತ್ ಹೊರಗಿನ ಲೈನಿಗೆ ಹರಿದರೆ ದುರಸ್ತಿಗೆ ಕಂಬವೇರಿದ ಲೈನ್‌ಮನ್‌ ಪ್ರಾಣಕ್ಕೆ ಅಪಾಯ.