ಈಸ್ಟರ್‌ಗೆ ಹೂಡೆ ಬೀಚಿನಲ್ಲಿ ಆಟೋಟವೇ? ಮೊದಲು ಕಡಲಿನ ಸಮಯ ನೋಡಿ

ಉಡುಪಿ: ಈಸ್ಟರ್ ಬಲಿಪೂಜೆ ಮುಗಿಸಿ ವಾಳೆಯ ಕುಟುಂಬಗಳೆಲ್ಲ ಹೂಡೆ ಬೀಚಿನಲ್ಲಿ ಸೇರಿ ಮಕ್ಕಳಿಗೆ ಆಟ ಇಡೋದಾದ್ರೆ ಮೊದಲು ಉಬ್ಬರ-ಇಳಿತದ ಸಮಯ ನೋಡಿಕೊಳ್ಳಿ. ಕಾರಣ ಹಬ್ಬದ ಲೆಕ್ಕದಲ್ಲೇ ಇದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. 2026ರಲ್ಲಿ ಹುಣ್ಣಿಮೆ ಏಪ್ರಿಲ್ 2ಕ್ಕೆ, ಹಬ್ಬ 5ಕ್ಕೆ. ಹುಣ್ಣಿಮೆಯ ಆಸುಪಾಸಿನಲ್ಲಿ ಕಡಲು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇಳಿತದಲ್ಲಿ ಲಗೋರಿಗೆ ಗೆರೆ ಎಳೆದ ಮರಳು ಉಬ್ಬರಕ್ಕೆ ನೀರಿನಡಿ ಹೋದೀತು.

ಮೊಟ್ಟೆ ಹುಡುಕೋ ಆಟ ತೆಂಗಿನ ಮರಗಳ ಬದಿಯಲ್ಲೇ ಇರಲಿ, ನೆರಳೂ ಸಿಗುತ್ತೆ. ಕೋಡಿಬೆಂಗ್ರೆ ಅಳಿವೆ ಕಡೆಗಂತೂ ಮಕ್ಕಳನ್ನು ನೀರಿಗೆ ಬಿಡಲೇಬೇಡಿ. ಇಳಿತದ ಹೊತ್ತಿಗೆ ನದಿ ನೀರೂ ಸೇರಿ ಕಡಲಿನತ್ತ ಸೆಳೆತ ಜೋರು. ಗುರಿಕಾರರ ಕೈಯಲ್ಲಿ ಮಕ್ಕಳ ಹೆಸರಿನ ಪಟ್ಟಿ ಇರಲಿ, ಹೊರಡುವಾಗ ಒಮ್ಮೆ ಕರೆದು ನೋಡಿ.