ನಿಮಗಿದು ಗೊತ್ತೆ? ಗೇರ್ ಎಣ್ಣೆ ಬಿಚ್ಚಿಡುವ ಗುಟ್ಟು

ವೇಗದ ದೋಣಿಗಳ ಹಳೆಯ ಔಟ್‌ಬೋರ್ಡ್ ಮೋಟರ್ ಕೊಳ್ಳುವ ಮುನ್ನ ಅದರ ಗೇರ್ ಎಣ್ಣೆಯನ್ನು ಪರೀಕ್ಷಿಸಲೇಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಸವೆದು ನೀರು ಒಳನುಗ್ಗಿದೆ ಎಂದರ್ಥ. ಲೋಹದ ಚೂರುಗಳಿದ್ದರೆ ಗೇರ್ ಅಥವಾ ಬೇರಿಂಗ್ ಹಾಳಾಗಿದೆ.

ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯಿಸಿ. ಸಿಲಿಂಡರುಗಳ ನಡುವೆ ಸುಮಾರು ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಎಚ್ಚರ; ಪಿಸ್ಟನ್ ರಿಂಗ್ ಸವೆದಿರಬಹುದು.

ನೀರಿನ ಪೂರೈಕೆಯಿಲ್ಲದೆ ಎಂಜಿನ್ ಚಾಲೂ ಮಾಡಲು ಬಿಡಬೇಡಿ. ಹಾಗೆ ಮಾಡಿದರೆ ಎಂಜಿನ್ ತಂಪಾಗಿಸುವ ನೀರಿನ ಪಂಪಿನ ರಬ್ಬರ್ ಚಕ್ರ ಬಹುಬೇಗ ಕೆಡುತ್ತದೆ. ಎಂಜಿನ್ ಓಡುವಾಗ ಸೂಚಕ ರಂಧ್ರದಿಂದ ನೀರು ಒಂದೇ ಸಮನೆ ಚಿಮ್ಮಬೇಕು.

ಬಿಡಿಭಾಗಗಳು ಸಿಗುತ್ತವೆಯೇ ಎಂದೂ ವಿಚಾರಿಸಿ: ಹೆಸರಾಂತ ಎವಿನ್‌ರೂಡ್ ಮೋಟರುಗಳ ತಯಾರಿಕೆ 2020ರಲ್ಲೇ ನಿಂತಿದೆ.